ಅರ್ಥಪೂರ್ಣವಾಗಿ ಆಚರಿಸಲು ತೀರ್ಮಾನ

ಪೂರ್ವಭಾವಿ ಸಭೆಗಳಲ್ಲಿ ಪ್ರತಿಸಲವೂ ಒಂದೇ ನಿರ್ಣಯ: 'ಜಯಂತಿಯನ್ನು ಅರ್ಥಪೂರ್ಣವಾಗಿ ಆಚರಿಸುವುದು.' ಅರ್ಥ ಏನೆಂದು ಯಾರೂ ಕೇಳುವುದಿಲ್ಲ. ಕೇಳಿದರೆ ಅದಕ್ಕೊಂದು ಉಪಸಮಿತಿ.

ಸಂಸ್ಕೃತದ 'ಜಯಂತೀ' ಎಂದರೆ ಗೆಲ್ಲುವವಳು. ದುರ್ಗೆಗೂ ಆ ಹೆಸರುಂಟು, ಇಂದ್ರನ ಮಗಳಿಗೂ ಉಂಟು. ಹುಟ್ಟುಹಬ್ಬದ ಸುಳಿವೇ ಇಲ್ಲ. ಶ್ರಾವಣ ಬಹುಳ ಅಷ್ಟಮಿಗೆ ರೋಹಿಣಿ ನಕ್ಷತ್ರ ಕೂಡಿಬಂದರೆ ಆ ಯೋಗವನ್ನು ಧರ್ಮಶಾಸ್ತ್ರದವರು ಜಯಂತಿ ಎಂದರು. ಕೃಷ್ಣ ಹುಟ್ಟಿದ್ದು ಅಂಥ ರಾತ್ರಿ. ನಕ್ಷತ್ರ ಕೈಕೊಟ್ಟರೆ ಅದು ಬರೀ ಜನ್ಮಾಷ್ಟಮಿ. ಉಡುಪಿಯವರು ಇಂದಿಗೂ ಸೌರಮಾನದ ಸಿಂಹಮಾಸ ನೋಡಿ ದಿನ ಹಿಡಿಯುತ್ತಾರೆ. ಕೆಲವು ವರ್ಷ ಬೆಂಗಳೂರಿನ ಚಕ್ಕುಲಿ ಡಬ್ಬ ಖಾಲಿಯಾದ ಮೇಲೆ ಅಲ್ಲಿ ಅರ್ಘ್ಯ.

ವರ್ಧಂತಿಯ ಕಥೆ ಇನ್ನೂ ಮಜಾ. 'ವೃಧ್' ಧಾತುವಿಗೆ ನ್ಯಾಯವಾಗಿ ಬರಬೇಕಾದ್ದು ವರ್ಧಮಾನ. ಜಯಂತಿಯ ಸಹವಾಸದಿಂದ ಕೆಟ್ಟಂತಿದೆ. ಆಷಾಢದಲ್ಲಿ ಚಾಮುಂಡಿಬೆಟ್ಟದಲ್ಲಿ ವರ್ಧಂತಿ ಜೋರಾಗೇ ನಡೆಯುತ್ತದೆ. ತಾಯಿ ವ್ಯಾಕರಣ ನೋಡುವವಳಲ್ಲ.

ನೋಡುವವರು ವಾಟ್ಸಾಪ್ ಪಂಡಿತರು. 'ಜಯಂತಿ ಸತ್ತವರಿಗೆ ಮಾತ್ರ. ಹನುಮಂತ ಚಿರಂಜೀವಿ, ಜನ್ಮೋತ್ಸವ ಎನ್ನಿ' ಎಂದು ಬೆಳಗ್ಗೆ ಐದಕ್ಕೇ ಫಾರ್ವರ್ಡ್. ಸರಿ ಸ್ವಾಮಿ, ನರಸಿಂಹ ಜಯಂತಿಗೆ ಪಾನಕ ಕೋಸಂಬರಿ ತಿಂದೆವಲ್ಲ, ಅದು ಯಾರ ತಿಥಿಯೂಟ?

ದಾವಣಗೆರೆಯಲ್ಲಿ 1913ರಲ್ಲಿ ಹರ್ಡೇಕರ ಮಂಜಪ್ಪನವರು ಬಸವ ಜಯಂತಿ ಶುರುಮಾಡಿದ್ದು ರಜೆಯ ಸುತ್ತೋಲೆಗೆ ಕಾದು ಅಲ್ಲ. ಈಗ ರಜೆ ಮೊದಲು, ಮಹನೀಯರು ಆಮೇಲೆ. ಕೂಡಿಬರಬೇಕಾದ್ದೂ ರೋಹಿಣಿಯಲ್ಲ, ಶಾಸಕರು. ಮೊನ್ನೆ ನಮ್ಮೂರಲ್ಲಿ ಹನ್ನೊಂದರ ಮುಹೂರ್ತಕ್ಕೆ ಅವರು ಒಂದೂವರೆಗೆ ಬಂದರು. ಅಲ್ಲಿಯವರೆಗೂ ಶಾಮಿಯಾನದಡಿ ಹಾಸ್ಟೆಲ್ ಮಕ್ಕಳು, ಅಡುಗೆಮನೆಯ ಕಡೆ ಮೂಗು ತಿರುಗಿಸಿಕೊಂಡು. ಸಂಘದ ಅಧ್ಯಕ್ಷರು, ಗೌರವಾಧ್ಯಕ್ಷರು, ಮಾಜಿ ಅಧ್ಯಕ್ಷರು ವೇದಿಕೆ ತುಂಬ ಕೂತು, ಸರದಿಯಂತೆ ಎದ್ದು, 'ಮಹನೀಯರನ್ನು ಒಂದೇ ಜಾತಿಗೆ ಸೀಮಿತಗೊಳಿಸಬಾರದು' ಎಂದರು. ಅವರನ್ನೆಲ್ಲ ಸಾಲಾಗಿ ಕೂರಿಸಿದರೆ ಒಂದೇ ಮದುವೆಮನೆಯ ಬೀಗರು.

ಕಾರ್ಯಕ್ರಮ ಮುಗಿಯಿತು. ಅಟೆಂಡರ್ ಫೋಟೊದ ಪ್ಲಾಸ್ಟಿಕ್ ಹಾರ ಬಿಚ್ಚಿ, ಧೂಳು ಕೊಡವಿ ಮೊಳೆಗೆ ನೇತುಹಾಕಿದ. ಫೋಟೊ ಬೀರುವಿನ ಹಿಂದಕ್ಕೆ ಹೋಯಿತು. ಅಲ್ಲೇ ಕೈಯಾಡಿಸುತ್ತ ಕೇಳಿದ:

"ಸಾರ್, ಮುಂದಿನ ವಾರದವರು ಗಡ್ಡ ಇರೋರಾ, ಇಲ್ಲದೋರಾ?"