ಬಾಡಿಗೆಯೇ ಇಎಂಐ ಕಟ್ಟುತ್ತೆ ಸಾರ್!

ಬೆಂಗಳೂರಿನಲ್ಲಿ ಒಬ್ಬ ಮನುಷ್ಯನ ಸಂಬಳ ತಿಂಗಳಿಗೆ ಲಕ್ಷ ದಾಟಿತು ಅನ್ನುವುದು ಅವನ ಹೆಂಡತಿಗೆ ಗೊತ್ತಾಗುವ ಮೊದಲೇ ಇಬ್ಬರಿಗೆ ಗೊತ್ತಾಗಿರುತ್ತದೆ. ಒಬ್ಬರು ಸಾಲ ಕೊಡುವವರು, ಇನ್ನೊಬ್ಬರು ಆ ಸಾಲವನ್ನು ಎಲ್ಲಿ ಸುರಿಯಬೇಕೆಂದು ಹೇಳಿಕೊಡುವವರು. ಎರಡನೆಯವರು ಫೋನೆತ್ತಿದ ಕೂಡಲೇ ಹೇಳುವ ಮಾತು ಎಲ್ಲ ಬಡಾವಣೆಗಳಲ್ಲೂ ಒಂದೇ: "ಸಾರ್, ನೀವು ಕೈಯಿಂದ ಏನೂ ಹಾಕೋದೇ ಬೇಡ. ಬಾಡಿಗೆಯೇ ಇಎಂಐ ಕಟ್ಟುತ್ತೆ."

ಈ ಮಾತು ನಂಬಿ ಫ್ಲ್ಯಾಟು ಕೊಳ್ಳಲು ಹೊರಟವರಿಗೆ ನನ್ನ ಮೊದಲ ಸಲಹೆ: ಮನೆಯಲ್ಲಿರುವ ಕ್ಯಾಲ್ಕುಲೇಟರನ್ನು ಮಕ್ಕಳ ಕೈಗೆ ಸಿಗದಂತೆ ಎತ್ತಿಡಿ. ಎಂಟನೇ ಕ್ಲಾಸಿನ ಹುಡುಗ ಊಟಕ್ಕೆ ಕೂತಾಗ ಲೆಕ್ಕ ಹಾಕಿಬಿಟ್ಟರೆ ಅನ್ನ ಗಂಟಲಲ್ಲಿ ಇಳಿಯುವುದಿಲ್ಲ. ಒಂದು ಕೋಟಿಯ ಫ್ಲ್ಯಾಟು ಅಂದುಕೊಳ್ಳಿ. ಪಿಎಫ್ ಬಳಿದು, ಊರಿನ ತೋಟದ ದುಡ್ಡು ಸೇರಿಸಿ ಇಪ್ಪತ್ತು ಲಕ್ಷ ಕಟ್ಟಿದಿರಿ. ಉಳಿದ 80 ಲಕ್ಷ ಸಾಲ, ಶೇ. 8.5ರ ಬಡ್ಡಿ, ಇಪ್ಪತ್ತು ವರ್ಷ. ತಿಂಗಳ ಕಂತು ಸುಮಾರು 69,400 ರೂಪಾಯಿ. ಬಾಡಿಗೆ? ಮೂವತ್ತು ಸಾವಿರ. ಮೂವತ್ತೈದು ಬಂದರೆ ಗುರುಬಲ ಚೆನ್ನಾಗಿದೆ ಎಂದರ್ಥ. ಅಂದರೆ ಇಎಂಐಯ ಅರ್ಧವನ್ನು ಬಾಡಿಗೆ ಕಟ್ಟುತ್ತದೆ, ಇನ್ನರ್ಧವನ್ನು ನೀವು ಕಟ್ಟುತ್ತೀರಿ, ಖುಷಿಯನ್ನು ಮಾತ್ರ ಇಡಿಯಾಗಿ ಬ್ಯಾಂಕು ಪಡುತ್ತದೆ. ಇಪ್ಪತ್ತು ವರ್ಷ ಮುಗಿಯುವ ಹೊತ್ತಿಗೆ ಬ್ಯಾಂಕಿಗೆ ಹೋದದ್ದು ಸುಮಾರು 1.67 ಕೋಟಿ.

ಇದಕ್ಕೆ ಮೊದಲು ಸರ್ಕಾರಕ್ಕೂ ಆರತಿ ಎತ್ತಬೇಕು. 2025ರ ಆಗಸ್ಟ್ 31ರಿಂದ ನೋಂದಣಿ ಶುಲ್ಕ ಶೇ. 1 ಇದ್ದದ್ದು ಶೇ. 2 ಆಯಿತು. ಮುದ್ರಾಂಕ ಶುಲ್ಕ, ಸೆಸ್ಸು, ಸರ್ಚಾರ್ಜು ಎಲ್ಲ ಸೇರಿ ಬೆಂಗಳೂರಲ್ಲಿ ಶೇ. 7.6. ಕೋಟಿಗೆ ಏಳು ಲಕ್ಷ ಅರವತ್ತು ಸಾವಿರ. ಬೀಗದಕೈ ಕೈಗೆ ಬರುವ ಮೊದಲೇ ಇಪ್ಪತ್ತೈದು ತಿಂಗಳ ಬಾಡಿಗೆ ಸಬ್‌ರಿಜಿಸ್ಟ್ರಾರ್ ಕಚೇರಿಯ ಹೊಸ್ತಿಲು ದಾಟಿ ಹೋಯಿತು.

ವರ್ಷಕ್ಕೆ 3.6 ಲಕ್ಷ ಬಾಡಿಗೆ, ಕೋಟಿಯ ಮೇಲೆ ಶೇ. 3.6. ಅದರಲ್ಲಿ ಆಸ್ತಿ ತೆರಿಗೆ ಕಳೆಯಿರಿ, ಮನೆ ಖಾಲಿ ಬಿದ್ದ ತಿಂಗಳು ಕಳೆಯಿರಿ. ಬ್ಯಾಂಕಿನ ಎಫ್‌ಡಿ ಇದಕ್ಕಿಂತ ಹೆಚ್ಚು ಕೊಡುತ್ತದೆ, ಮೇಲಾಗಿ ಎಫ್‌ಡಿಯ ನಲ್ಲಿ ಸೋರುವುದಿಲ್ಲ. ಇದನ್ನು ಬ್ರೋಕರಿಗೆ ಹೇಳಿ ನೋಡಿ. ಬೆಳಿಗ್ಗೆ "ಬಾಡಿಗೆಯೇ ಇಎಂಐ ಕಟ್ಟುತ್ತೆ" ಅಂದ ಅದೇ ಬಾಯಿ ಸಂಜೆ ನಿಮ್ಮನ್ನು ಕನಿಕರದಿಂದ ನೋಡುತ್ತದೆ. "ಬಾಡಿಗೆಗೋಸ್ಕರ ಯಾರು ಸಾರ್ ಮನೆ ತಗೋತಾರೆ? ಅಪ್ರಿಸಿಯೇಷನ್ ನೋಡಿ ಸಾರ್, ಅಪ್ರಿಸಿಯೇಷನ್!" ಟ್ಯಾಕ್ಸ್ ಉಳಿಯುತ್ತೆ ಅನ್ನುವ ಇನ್ನೊಂದು ಮಂತ್ರವೂ ಇದೆ. ಹೊಸ ತೆರಿಗೆ ಪದ್ಧತಿಯಲ್ಲಿ ಬಾಡಿಗೆ ಮನೆಯ ಬಡ್ಡಿಯಿಂದಾದ ನಷ್ಟವನ್ನು ಸಂಬಳದಲ್ಲಿ ಕಳೆಯಲು ಬರುವುದಿಲ್ಲ, ಹಳೆಯದರಲ್ಲೂ ವರ್ಷಕ್ಕೆ ಎರಡು ಲಕ್ಷಕ್ಕಿಂತ ಮೇಲೆ ಇಲ್ಲ. ಈ ಮಾತು ಆಡಬೇಡಿ, ಮಂತ್ರಕ್ಕೆ ಮೈಲಿಗೆಯಾಗುತ್ತದೆ.

ಅಪ್ರಿಸಿಯೇಷನ್ನಿಗೆ ಬರೋಣ. ಬೆಂಗಳೂರಿನಲ್ಲಿ ಇರುವ ರಸ್ತೆಯ ಪಕ್ಕದ ಜಾಗಕ್ಕಿಂತ ಬರಲಿರುವ ರಸ್ತೆಯ ಪಕ್ಕದ ಜಾಗಕ್ಕೆ ಗಿರಾಕಿ ಜಾಸ್ತಿ. ಇರುವ ರಸ್ತೆಯಲ್ಲಿ ಗುಂಡಿ ಕಾಣುತ್ತದೆ, ಬರಲಿರುವುದರಲ್ಲಿ ಕಾಣುವುದಿಲ್ಲ. ಪೆರಿಫೆರಲ್ ರಿಂಗ್ ರೋಡಿಗೆ ಅಂತಿಮ ಅಧಿಸೂಚನೆ ಹೊರಟದ್ದು 2007ರಲ್ಲಿ. ಆ ವರ್ಷ ಹುಟ್ಟಿದ ಮಗುವಿಗೆ ಈಗ ವೋಟಿನ ಹಕ್ಕು ಬಂದಿದೆ, ರಸ್ತೆ ಬಂದಿಲ್ಲ. ಹೆಸರು ಮಾತ್ರ ಬದಲಾಗಿ ಬೆಂಗಳೂರು ಬಿಸಿನೆಸ್ ಕಾರಿಡಾರ್ ಆಗಿದೆ. ಆದರೆ "ಪಿಆರ್‌ಆರ್ ಟಚ್ ಸಾರ್, ಗೇಟಿಂದ ಇಳಿದ್ರೆ ರೋಡು" ಎಂದು ಮಾರಾಟವಾದ ಸೈಟುಗಳು ಇಷ್ಟರಲ್ಲಿ ಮೂರು ಕೈ ಬದಲಾಗಿವೆ. ಮೂವರೂ ಲಾಭ ಮಾಡಿಕೊಂಡರು ಅನ್ನುವುದೇ ಸ್ವಾರಸ್ಯ. ರಸ್ತೆ ಬಂದುಬಿಟ್ಟಿದ್ದರೆ ಬಹುಶಃ ರೇಟು ಇಳಿಯುತ್ತಿತ್ತು.

ಲೇಕ್ ವ್ಯೂ ಎಂಬುದಕ್ಕೂ ಬೇರೆ ರೇಟಿದೆ. ಯಮಲೂರು, ಸರ್ಜಾಪುರ ರಸ್ತೆಯ ಕಡೆ ಕೋಟಿಗಟ್ಟಲೆ ಸುರಿದು ವಿಲ್ಲಾ ಕೊಂಡವರು ಕೆರೆ ನೋಡಲಿಕ್ಕೆ ಕಾಸು ಕೊಟ್ಟಿದ್ದರು. 2022ರ ಸೆಪ್ಟೆಂಬರಿನಲ್ಲಿ ಕೆರೆಯೇ ಅವರನ್ನು ನೋಡಲು ಬಂತು. ಜರ್ಮನ್ ಕಾರುಗಳು ಮುಳುಗಿ, ಕಂಪನಿ ಮುಖ್ಯಸ್ಥರು ಟ್ರ್ಯಾಕ್ಟರ್ ಟ್ರೇಲರಿನಲ್ಲಿ ನಿಂತು ಆಚೆ ಬಂದದ್ದನ್ನು ನಾಡೆಲ್ಲ ಟಿವಿಯಲ್ಲಿ ನೋಡಿತು. ಮಳೆನೀರಿನ ರಾಜಕಾಲುವೆ ಎಲ್ಲಿ ಹೋಗುತ್ತದೆ ಎನ್ನುವುದನ್ನು ಹಳೆಯ ಗ್ರಾಮ ನಕ್ಷೆಯಲ್ಲಿ ನೋಡಲು ಅರ್ಧ ಗಂಟೆ ಸಾಕು. ಆದರೆ ನಮ್ಮ ಹೂಡಿಕೆದಾರರು ನಕ್ಷೆ ನೋಡುವುದಿಲ್ಲ, ವಾಸ್ತು ನೋಡುತ್ತಾರೆ. ನೀರು ಈಶಾನ್ಯದಲ್ಲಿರಬೇಕು ಅನ್ನುತ್ತದೆ ವಾಸ್ತು. ಆ ಮಳೆಯಲ್ಲಿ ಈಶಾನ್ಯದಲ್ಲೂ ಇತ್ತು.

ಕಾಗದಪತ್ರದ ವಿಷಯ ಚುಟುಕಾಗಿ ಮುಗಿಸುತ್ತೇನೆ, ಯಾಕೆಂದರೆ ಅದನ್ನು ಕೇಳುವವರು ಕಡಿಮೆ. ಮೂಲಪತ್ರ, ಮೂವತ್ತು ವರ್ಷದ ಋಣಭಾರ ಪತ್ರ ಅಂದರೆ ಇಸಿ, ಅಪಾರ್ಟ್‌ಮೆಂಟಾದರೆ ಸ್ವಾಧೀನಾನುಭವ ಪತ್ರ ಅಂದರೆ ಒಸಿ, ರೇರಾ ನಂಬರು ಇವನ್ನೆಲ್ಲ ಬಿಲ್ಡರು ನೇಮಿಸಿದ ವಕೀಲರಿಗೆ ತೋರಿಸದೆ ನಿಮ್ಮ ಸ್ವಂತ ವಕೀಲರಿಗೆ ತೋರಿಸಿ. 2024ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ಒಸಿ ಇಲ್ಲದ ಕಟ್ಟಡಕ್ಕೆ ಕರೆಂಟು, ನೀರಿನ ಸಂಪರ್ಕ ಕೊಡಬಾರದು ಅಂದಮೇಲೆ, ಬ್ರೋಷರಿನ ಈಜುಕೊಳದ ಚಿತ್ರ ನೋಡಿ ದುಡ್ಡು ಕಟ್ಟಿದ ಎಷ್ಟೋ ಮಂದಿಗೆ ಒಸಿ ಎಂಬ ಎರಡಕ್ಷರದ ಪರಿಚಯವಾಯಿತು. ಬಿ ಖಾತೆಯ ಕಥೆ ಇನ್ನೂ ಸೊಗಸು. ಅಕ್ರಮ ಸ್ವತ್ತಿನಿಂದಲೂ ತೆರಿಗೆ ಬರಲಿ ಎಂದು ಪಾಲಿಕೆ ಇಟ್ಟ ಬೇರೆ ಪುಸ್ತಕ ಅದು. ಇಂಥವನ್ನು ದಂಡ ಕಟ್ಟಿಸಿಕೊಂಡು ಸಕ್ರಮ ಮಾಡುವ ಅಕ್ರಮ-ಸಕ್ರಮ ಯೋಜನೆಗೆ 2017ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ತಡೆ ಬಿತ್ತು. 2025ರಲ್ಲಿ ಶುಲ್ಕ ಕಟ್ಟಿದರೆ ಬಿ ಯನ್ನು ಎ ಮಾಡಿಕೊಡುತ್ತೇವೆ ಎಂದು ಸರ್ಕಾರವೇ ಹೇಳಿತು. ಮೊದಲೇ ನಿಯತ್ತಾಗಿ ಜಾಸ್ತಿ ಕೊಟ್ಟು ಎ ಖಾತೆ ತಗೊಂಡವನು ಈಗ ಸಂಬಂಧಿಕರ ಮದುವೆಗಳಿಗೆ ಹೋಗುತ್ತಿಲ್ಲ.

ಸರಿ, ಕೊಂಡಾಯಿತು. ಕಂತಿಗೂ ಬಾಡಿಗೆಗೂ ನಡುವೆ ಮೂವತ್ತೊಂಬತ್ತು ಸಾವಿರದ ಕಂದಕ ಬಾಯ್ತೆರೆದು ಕೂತಿದೆ. ಅದನ್ನು ಮುಚ್ಚುವುದು ಹೇಗೆ? ಇಲ್ಲಿಂದ ಮುಂದೆ ಬೆಂಗಳೂರಿನ ಮಾಲೀಕ ವರ್ಗದ ಪ್ರತಿಭೆ ಅರಳುತ್ತದೆ.

ಮೊದಲು ಸಂದರ್ಶನ. ಈಗ ಯಾರೂ ಜಾತಿ ಕೇಳುವುದಿಲ್ಲ, ಕಾಲ ಬದಲಾಗಿದೆ. ಯಾವ ಊರು ಎಂದು ಕೇಳುತ್ತಾರೆ. ಅಪ್ಪನ ಪೂರ್ತಿ ಹೆಸರು ಕೇಳುತ್ತಾರೆ. ಮನೆದೇವರು ಯಾವುದು ಎಂದು ಭಕ್ತಿಯಿಂದ ವಿಚಾರಿಸುತ್ತಾರೆ. ಇಷ್ಟಾದ ಮೇಲೂ ಅನುಮಾನ ಉಳಿದರೆ, "ಅಡುಗೆಮನೆಯಲ್ಲಿ ಮೊಟ್ಟೆ ಗಿಟ್ಟೆ...?" ಎಂದು ವಾಕ್ಯವನ್ನು ಅರ್ಧಕ್ಕೇ ಬಿಡುತ್ತಾರೆ. ಪೂರ್ತಿ ಮಾಡಿದರೆ ಅವರ ಬಾಯಿಗೇ ದೋಷ. ಇದೇ ಮಾಲೀಕರ ಮಗ ಟೊರೊಂಟೊದಲ್ಲಿ ಮನೆ ಸಿಗುತ್ತಿಲ್ಲ, ಅಲ್ಲಿಯವರು ನಮ್ಮವರನ್ನು ಕಂಡರೆ ಭೇದ ಮಾಡುತ್ತಾರೆ ಎಂದು ಫೋನಿನಲ್ಲಿ ಗೋಳಾಡಿದಾಗ, ಇಡೀ ಮನೆ ಕೆನಡಾದ ಮೇಲೆ ಕೆಂಡವಾಗುತ್ತದೆ.

ಆಮೇಲೆ ಅಡ್ವಾನ್ಸು. ಹತ್ತು ತಿಂಗಳ ಬಾಡಿಗೆ ಮುಂಗಡ ತೆಗೆದುಕೊಳ್ಳುವುದು ಬೆಂಗಳೂರು ಭಾರತಕ್ಕೆ ಕೊಟ್ಟ ಕಾಣಿಕೆ. ಇತ್ತೀಚೆಗೆ ಕೆಲವು ಕಡೆ ಆರಕ್ಕೆ, ಐದಕ್ಕೆ ಇಳಿದಿದೆ. 2021ರಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ಮಾದರಿ ಬಾಡಿಗೆ ಕಾಯ್ದೆಯಲ್ಲಿ ವಾಸದ ಮನೆಗೆ ಎರಡು ತಿಂಗಳಿಗಿಂತ ಹೆಚ್ಚು ಠೇವಣಿ ಕೂಡದು ಎಂದಿದೆ. ಅದು ಮಾದರಿ ತಾನೆ. ಮಾದರಿ ವಿದ್ಯಾರ್ಥಿಯನ್ನು ಎಲ್ಲರೂ ಹೊಗಳುತ್ತಾರೆ, ಯಾರೂ ಹಾಗೆ ಆಗುವುದಿಲ್ಲ. ಮೂವತ್ತು ಸಾವಿರದ ಮನೆಗೆ ಮೂರು ಲಕ್ಷ, ಬಡ್ಡಿಯಿಲ್ಲದ ಸಾಲ. ಅದು ಮಾಲೀಕರ ಕೈಯಲ್ಲಿ ಮೂರು ದಿನವೂ ನಿಲ್ಲುವುದಿಲ್ಲ, ಬ್ಯಾಂಕಿನವರು ಕಾದಿರುತ್ತಾರೆ. ಹಾಗಾಗಿ ಬಾಡಿಗೆದಾರ ಖಾಲಿ ಮಾಡುತ್ತೇನೆ ಅಂದಾಗ ಮಾಲೀಕರು ಪ್ರಾಮಾಣಿಕವಾಗಿಯೇ ಹೇಳುತ್ತಾರೆ: "ಹೊಸಬ್ರು ಅಡ್ವಾನ್ಸ್ ಕೊಟ್ಟ ತಕ್ಷಣ ನಿಮ್ಮದು ಕ್ಲಿಯರ್ ಮಾಡ್ತೀನಿ." ಇದರಿಂದಾಗುವ ಚಮತ್ಕಾರ ನೋಡಿ. ಎರಡು ವರ್ಷ ನೀರಿಲ್ಲ, ಗೋಡೆ ತೇವ, ಮೇಲಿನವರ ಬಚ್ಚಲು ನಮ್ಮ ತಲೆಯ ಮೇಲೆ ಎಂದು ಜಗಳವಾಡಿದ ಬಾಡಿಗೆದಾರನೇ ಈಗ ಬಂದವರಿಗೆಲ್ಲ ಮನೆ ತೋರಿಸುತ್ತಾನೆ. ನಗುತ್ತ ಬಾಗಿಲು ತೆರೆಯುತ್ತಾನೆ. "ನೀರಿಗೆ ಏನೂ ತೊಂದ್ರೆ ಇಲ್ಲ ಸಾರ್, ಕಾವೇರಿ, ಬೋರು ಎರಡೂ ಇದೆ," ಅನ್ನುತ್ತಾನೆ. ತೇವದ ಗೋಡೆಗೆ ಬೀರು ಅಡ್ಡ ಇಟ್ಟಿರುತ್ತಾನೆ. ತನ್ನ ಮೂರು ಲಕ್ಷ ಹೊರಗೆ ಬರಬೇಕಾದರೆ ಇನ್ನೊಬ್ಬನ ಮೂರು ಲಕ್ಷ ಒಳಗೆ ಹೋಗಬೇಕು ಎನ್ನುವುದು ಅವನಿಗೆ ತಿಳಿದಿದೆ. ಬ್ರೋಕರಿಗೆ ಒಂದು ತಿಂಗಳ ಕಮಿಷನ್ನಾದರೂ ಕೊಡಬೇಕು, ಇವನು ಪುಕ್ಕಟೆ.

ಮುಂದಿನದು ಹನ್ನೊಂದು ತಿಂಗಳ ಅಗ್ರಿಮೆಂಟು. 1908ರ ನೋಂದಣಿ ಕಾಯ್ದೆಯ ಪ್ರಕಾರ ಒಂದು ವರ್ಷ ಮೀರಿದ ಗುತ್ತಿಗೆಯನ್ನು ನೋಂದಣಿ ಮಾಡಿಸಲೇಬೇಕು. ಹಾಗಾಗಿ ನಮ್ಮಲ್ಲಿ ಬಾಡಿಗೆದಾರರ ವರ್ಷಕ್ಕೆ ಹನ್ನೊಂದೇ ತಿಂಗಳು. ಪ್ರತಿ ಹನ್ನೊಂದು ತಿಂಗಳಿಗೂ ಶೇ. 5ರಿಂದ 10 ಏರಿಕೆ, ಪ್ರತಿ ಸಲವೂ ಹೊಸ ಇ-ಸ್ಟಾಂಪು. ಜೆರಾಕ್ಸ್ ಅಂಗಡಿಯ ಕಂಪ್ಯೂಟರಿನಲ್ಲಿ ಒಂದೇ ಟೆಂಪ್ಲೇಟು ಇರುತ್ತದೆ. ಟೈಪು ಮಾಡುವ ಹುಡುಗಿ ಹೆಸರು, ಆಧಾರು, ಮೊತ್ತ ಬದಲಾಯಿಸುತ್ತಾಳೆ. ಕೊನೆಯ ಷೆಡ್ಯೂಲಿಗೆ ಯಾರೂ ಹೋಗುವುದಿಲ್ಲ. ಹಾಗಾಗಿ ಒಂದು ಬೆಡ್‌ರೂಮಿನ ಮನೆಯ ಅಗ್ರಿಮೆಂಟಿನಲ್ಲಿ ಆರು ಫ್ಯಾನು, ಎರಡು ಗೀಸರು, ಒಂದು ಪೂಜಾ ಕೋಣೆ, ಕಾರ್ ಪಾರ್ಕಿಂಗು ಇರುತ್ತವೆ. ಸಹಿ ಹಾಕಿದವನು ಖಾಲಿ ಮಾಡುವಾಗ ಆ ಆರೂ ಫ್ಯಾನು ಒಪ್ಪಿಸಬೇಕು.

ಪ್ಯಾನ್ ನಂಬರಿನ ಕಥೆ ಗೊತ್ತಿರುವುದೇ. ವರ್ಷದ ಬಾಡಿಗೆ ಒಂದು ಲಕ್ಷ ದಾಟಿದರೆ ಎಚ್‌ಆರ್‌ಎ ಕೇಳುವ ನೌಕರ ಮಾಲೀಕರ ಪ್ಯಾನ್ ಕೊಡಬೇಕು. ಕೇಳಿ ನೋಡಿ. ಬಾಡಿಗೆದಾರನ ಆಧಾರು, ಆಫೀಸಿನ ಐಡಿ, ಸಂಬಳದ ಚೀಟಿ, ಮದುವೆಯ ಫೋಟೊ ಎಲ್ಲ ಇಸಿದುಕೊಂಡ ಅದೇ ಮಾಲೀಕರಿಗೆ ಆ ಗಳಿಗೆಯಲ್ಲಿ ಪ್ರೈವಸಿ ಎಂಬುದು ಮೂಲಭೂತ ಹಕ್ಕೆಂದು ನೆನಪಾಗುತ್ತದೆ.

ಈಗ ಮುಕುಟಮಣಿ: ಪೇಂಟಿಂಗ್ ಚಾರ್ಜು. ಖಾಲಿ ಮಾಡುವ ದಿನ ಒಂದು ತಿಂಗಳ ಬಾಡಿಗೆ ಹಿಡಿದುಕೊಳ್ಳುವುದು ರೂಢಿ. ಅಂದು ಮಾಲೀಕರು ಬರುವ ಠೀವಿಯೇ ಬೇರೆ. ಕಿವಿಯ ಮೇಲೆ ಪೆನ್ಸಿಲ್ಲು, ಕೈಯಲ್ಲಿ ಎಲ್‌ಐಸಿ ಡೈರಿ, ಹಾಡುಹಗಲಲ್ಲೂ ಮೊಬೈಲಿನ ಟಾರ್ಚು. ಗೋಡೆಯಿಂದ ಗೋಡೆಗೆ ಬೆಳಕು ಬಿಡುತ್ತ ಮೊಳೆ ಎಣಿಸುತ್ತಾರೆ.

"ಇದು ನಿಮ್ಮದಾ?"

"ಇಲ್ಲ ಅಂಕಲ್, ನಾವು ಬಂದಾಗಲೇ ಇತ್ತು."

"ಹಿಂದಿನವರೂ ಹಾಗೇ ಅಂದಿದ್ರು."

ಮೊಳೆಗೆ ಇಷ್ಟು, ಸಿಂಕಿನ ಕಲೆಗೆ ಇಷ್ಟು, ಸ್ವಿಚ್ಚಿನ ಸುತ್ತ ಬೆರಳಚ್ಚಿಗೆ ಇಷ್ಟು, ಅದರ ಮೇಲೆ ಪೂರ್ತಿ ಮನೆಯ ಪೇಂಟಿಂಗಿಗೆ ಒಂದು ತಿಂಗಳ ಬಾಡಿಗೆ. ಮಾರನೇ ದಿನ ಇಬ್ಬರು ಬಂದು ಮಧ್ಯಾಹ್ನದೊಳಗೆ ಒಂದು ಕೋಟು ಡಿಸ್ಟೆಂಪರ್ ಎಳೆದು ಹೋಗುತ್ತಾರೆ. ಮೊಳೆ ಕೀಳುವುದಿಲ್ಲ, ಅದರ ಮೇಲೆಯೇ ಬಣ್ಣ ಬಳಿಯುತ್ತಾರೆ. ಮುಂದಿನವರು ಬರುತ್ತಾರೆ, ಇರುತ್ತಾರೆ, ಹೋಗುವ ದಿನ ಅದೇ ಮೊಳೆಗೆ ದಂಡ ಕಟ್ಟುತ್ತಾರೆ. ಇಡೀ ಫ್ಲ್ಯಾಟಿನಲ್ಲಿ ಹಾಕಿದ ಬಂಡವಾಳಕ್ಕೆ ಸರಿಯಾದ ಆದಾಯ ತರುವ ಸ್ವತ್ತು ಅಂತ ಇದ್ದರೆ ಅದು ಆ ಮೊಳೆಯೊಂದೇ. ಹೂಡಿಕೆಯ ಸಲಹೆ ಕೇಳುವವರಿಗೆ ನಾನು ಈಚೆಗೆ ಫ್ಲ್ಯಾಟು ಬೇಡ, ಒಂದು ಡಬ್ಬಿ ಮೊಳೆ ತಗೊಳ್ಳಿ ಅನ್ನುತ್ತಿದ್ದೇನೆ.

ಇಷ್ಟೆಲ್ಲ ಮಾಡಿಯೂ ಕಂದಕ ಮುಚ್ಚುವುದಿಲ್ಲ. ಆಗ ಕೆಲವರು ಭೋಗ್ಯಕ್ಕೆ ಇಳಿಯುತ್ತಾರೆ. ಹದಿನೈದೋ ಇಪ್ಪತ್ತೋ ಲಕ್ಷ ಒಟ್ಟಿಗೆ ಇಸಿದುಕೊಂಡು ತಿಂಗಳ ಬಾಡಿಗೆ ಬೇಡ ಅನ್ನುತ್ತಾರೆ. ದುಡ್ಡು ಕೊಟ್ಟು ಒಳಗೆ ಬಂದವನು ಬಾಡಿಗೆ ಉಳಿಯಿತೆಂದು ಹಿಗ್ಗುತ್ತಾನೆ. ಮನೆ ಮೊದಲೇ ಬ್ಯಾಂಕಿಗೆ ಅಡವಿದೆಯೇ ಎಂದು ಇಸಿ ತೆಗೆಸಿ ನೋಡುವುದಿಲ್ಲ, ಭೋಗ್ಯದ ಪತ್ರ ನೋಂದಣಿ ಮಾಡಿಸುವುದಿಲ್ಲ. ಕಂತು ನಿಂತು ಬ್ಯಾಂಕಿನ ನೋಟೀಸು ಬಾಗಿಲಿಗೆ ಅಂಟಿದಾಗ ಒಳಗಿರುವವನು ಭೋಗಿಯೋ ತ್ಯಾಗಿಯೋ ನೀವೇ ಹೇಳಿ.

ಇನ್ನು ಈ ಮಾಲೀಕರು ಯಾರು, ಬಾಡಿಗೆದಾರರು ಯಾರು ಎಂದು ನೀವು ಎರಡು ಪಂಗಡ ಮಾಡಿಕೊಂಡಿದ್ದರೆ ತಪ್ಪು. ವೈಟ್‌ಫೀಲ್ಡಿನಲ್ಲಿ ಎರಡು ಬೆಡ್‌ರೂಮಿನ ಫ್ಲ್ಯಾಟು ಕೊಂಡು ಬಾಡಿಗೆಗೆ ಬಿಟ್ಟ ಸಾಫ್ಟ್‌ವೇರ್ ಮಹಾಶಯರು, ಮಕ್ಕಳ ಸ್ಕೂಲಿಗೆ ಹತ್ತಿರವಾಗಲಿ, ಅತ್ತೆ ಮಾವನವರೂ ಅಲ್ಲೇ ಇದ್ದಾರೆ ಎಂದು ಜಯನಗರದಲ್ಲಿ ಬಾಡಿಗೆಗಿರುತ್ತಾರೆ. ಒಂದೇ ಫೋನಿನಲ್ಲಿ ಅವರು ಒಂದು ಗ್ರೂಪಿನಲ್ಲಿ ಶೋಷಕರು, ಇನ್ನೊಂದರಲ್ಲಿ ಶೋಷಿತರು. ಮೊನ್ನೆ ಅವರು ಜಯನಗರದ ಮನೆ ಬಿಡುವಾಗ ಮಾಲೀಕರಿಗೆ ಕಳಿಸಿದ ಮೆಸೇಜು ಕಣ್ಣೀರು ತರಿಸುವಂತಿತ್ತು: "ಅಂಕಲ್, ನಿಮ್ಮ ಮನೆಯನ್ನು ಸ್ವಂತ ಮನೆಗಿಂತ ಚೆನ್ನಾಗಿ ನೋಡಿಕೊಂಡಿದ್ದೇವೆ. ಒಂದು ತಿಂಗಳ ಬಾಡಿಗೆ ಪೇಂಟಿಂಗಿಗೆ ಹಿಡಿಯೋದು ಯಾವ ನ್ಯಾಯ?"

ಉತ್ತರ ಬಂತು: "ಅಗ್ರಿಮೆಂಟಿನ 9ನೇ ಕಂಡಿಷನ್ ನೋಡಿ."

ಮಹಾಶಯರು ಹತ್ತು ನಿಮಿಷ ಈ ನಗರವನ್ನೂ ಮನುಷ್ಯಕುಲದ ದುರಾಸೆಯನ್ನೂ ಬೈದರು. ಕಾಫಿ ಕುಡಿದರು. ಅಷ್ಟರಲ್ಲಿ ವೈಟ್‌ಫೀಲ್ಡಿನ ಬಾಡಿಗೆದಾರನ ಮೆಸೇಜು ಬಂತು: "ಸಾರ್, ಎರಡು ವರ್ಷ ಸ್ವಂತ ಮನೆ ಥರ ಇಟ್ಕೊಂಡಿದ್ವಿ, ಪೇಂಟಿಂಗಿಗೆ ಒಂದು ತಿಂಗಳು ಜಾಸ್ತಿ ಆಯ್ತಲ್ವಾ?"

ಅವರು ಜಯನಗರದ ಉತ್ತರವನ್ನು ಅಲ್ಲಿಂದ ಇಲ್ಲಿಗೆ ಫಾರ್ವರ್ಡ್ ಮಾಡಿದರು. ಕಂಡಿಷನ್ ನಂಬರು ಕೂಡ ತಿದ್ದಬೇಕಾಗಿರಲಿಲ್ಲ, ಎರಡೂ ಅಗ್ರಿಮೆಂಟಿನ ಟೆಂಪ್ಲೇಟು ಒಂದೇ ಆಗಿತ್ತು.