ಸಿಂಪಲ್ ಸರ್, ಎರಡೇ ನಿಮಿಷ

ಐಟಿ ಕನ್ಸಲ್ಟೆಂಟ್ ಬಂದ ಕೂಡಲೇ ಯಜಮಾನರು ತಮ್ಮ ಕುರ್ಚಿ ಬಿಟ್ಟು ಏಳಬೇಕು. ಯಾವ ಕರಾರಿನಲ್ಲೂ ಇದನ್ನು ಬರೆದಿರುವುದಿಲ್ಲ, ಆದರೂ ತಪ್ಪುವುದಿಲ್ಲ. ಆತ ಕೂರುತ್ತಾನೆ, ಮೌಸ್ ಪಕ್ಕದ ರಸೀದಿ ಪುಸ್ತಕವನ್ನೂ ಕನ್ನಡಕವನ್ನೂ ಆಚೆ ಸರಿಸುತ್ತಾನೆ, ಕೇಳಿದ್ದಕ್ಕೆಲ್ಲ ‘ಸಿಂಪಲ್ ಸರ್, ಎರಡೇ ನಿಮಿಷ’ ಎನ್ನುತ್ತಾನೆ. ಜೋಯಿಸರು ಪಂಚಾಂಗ ತಿರುವುವಾಗ ಹೆಣ್ಣಿನ ಕಡೆಯವರು ನಿಲ್ಲುವ ಹಾಗೆ ಯಜಮಾನರು ತಮ್ಮದೇ ಆಫೀಸಿನಲ್ಲಿ ಕೈಕಟ್ಟಿ ನಿಂತಿರುತ್ತಾರೆ.

ಆತನ ಮಾತಿನ ಭಂಡಾರ ದೊಡ್ಡದೇನಲ್ಲ. ‘ರೀಸ್ಟಾರ್ಟ್ ಮಾಡಿದ್ರಾ?’ ‘ನಮ್ಮ ಸಿಸ್ಟಂನಲ್ಲಿ ಸರಿಯಾಗೇ ಬರ್ತಿದೆ.’ ‘ಅದು ರಿಕ್ವೈರ್‌ಮೆಂಟ್‌ನಲ್ಲಿ ಇರ್ಲಿಲ್ಲ ಸರ್.’ ಇವಿಷ್ಟರಲ್ಲೇ ಒಂದು ಇಡೀ ವರ್ಷವನ್ನು ದಾಟಿಸಬಲ್ಲ. ಹಾಗಂತ ಯಜಮಾನರೇನೂ ಕಡಿಮೆಯಿಲ್ಲ. ಏನು ಒತ್ತಿದಿರಿ ಎಂದರೆ ‘ಏನೂ ಒತ್ತಲಿಲ್ಲಪ್ಪ, ಅದಾಗೇ ಹೋಯ್ತು’ ಎನ್ನುತ್ತಾರೆ. ಎರರ್ ಏನು ಬಂತು ಎಂದರೆ, ‘ಏನೋ ಇಂಗ್ಲಿಷಲ್ಲಿ ಬಂತು, ಓಕೆ ಕೊಟ್ಟೆ.’

ಇಲ್ಲಿ ಹೇಳಹೊರಟಿರುವುದು ಬೆಂಗಳೂರಿನ ಒಬ್ಬ ಸಣ್ಣ ಪ್ರಕಾಶಕರ ಪಾಲಿಗೆ ಬಂದ ಕನ್ಸಲ್ಟೆಂಟ್‌ನ ಕಥೆ. ಹಗಲು ದೊಡ್ಡ ಕಂಪನಿಯ ಕೆಲಸ, ರಾತ್ರಿ ಅಮೆರಿಕದವರ ಜೊತೆ ಕಾಲ್, ಶನಿವಾರ ಭಾನುವಾರ ಇಂಥ ಚಿಲ್ಲರೆ ಗಿರಾಕಿಗಳು. ಪ್ರಕಾಶಕರ ಆಸೆಯೂ ಚಿಕ್ಕದೇ: ಹಳೆಯ ಪುಸ್ತಕಗಳನ್ನು ಯೂನಿಕೋಡ್‌ಗೆ ತಂದು, ಹೊರನಾಡಿನ ಕನ್ನಡಿಗರು ಫೋನಿನಲ್ಲಿ ಓದುವಂತೆ ಇ-ಪುಸ್ತಕ ಮಾಡಬೇಕು.

1991ರಲ್ಲಿ ಬಂದ ಯೂನಿಕೋಡ್‌ನ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಜಾಗ ಸಿಕ್ಕಿತ್ತು. ಆದರೆ ನಮ್ಮ ಡಿಟಿಪಿ ಅಂಗಡಿಗಳು ಬಹಳ ಕಾಲ ಪುಟವಿನ್ಯಾಸದ ಪೇಜ್‌ಮೇಕರ್ ಬಿಡಲಿಲ್ಲ, ಪೇಜ್‌ಮೇಕರ್‌ಗೆ ಯೂನಿಕೋಡ್ ಗೊತ್ತೇ ಇರಲಿಲ್ಲ. ಹಾಗಾಗಿ ನುಡಿ, ಬರಹ, ಶ್ರೀಲಿಪಿ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲೇ ಪುಸ್ತಕಗಳು ತಯಾರಾದವು. ನುಡಿಯ ಹಳೆಯ ಫಾಂಟಿನಲ್ಲಿ ‘ಕನ್ನಡ’ ಎಂದು ಟೈಪ್ ಮಾಡಿದರೆ ಕಂಪ್ಯೂಟರಿನ ಹೊಟ್ಟೆಯಲ್ಲಿ ಕೂರುವುದು ಇಂಗ್ಲಿಷಿನ ಪಿ, ಬ್ರಿಟಿಷರ ಪೌಂಡ್ ಚಿಹ್ನೆ, ಜರ್ಮನರದೊಂದು ಅಕ್ಷರ, ಇಂಥವೇ. ಫಾಂಟಿನ ವೇಷ ಕಳಚಿದರೆ ಅಲ್ಲಿ ಕನ್ನಡವೇ ಇಲ್ಲ.

ಇದನ್ನೆಲ್ಲ ಪ್ರಕಾಶಕರು ಹೇಳುವ ಮೊದಲೇ ಕನ್ಸಲ್ಟೆಂಟ್ ತಲೆಯಾಡಿಸಿಬಿಟ್ಟಿದ್ದ. ಸಿಂಪಲ್ ಸರ್. ಒಂದು ಚಿಹ್ನೆಗೆ ಒಂದು ಅಕ್ಷರ, ಸ್ಕ್ರಿಪ್ಟ್ ಬರೆದರೆ ಮುಗಿಯಿತು. ಸಿದ್ಧವಾದ ಪರಿವರ್ತಕಗಳು ಇವೆಯಲ್ಲ ಎಂದದ್ದಕ್ಕೆ ನಕ್ಕ. ಮೊದಲ ಪ್ರಯೋಗಕ್ಕೆ ಒಂದು ಕಾದಂಬರಿಯನ್ನು ಆರಿಸಿದರು. ಅದು ಯಾರ ಕಾದಂಬರಿ ಎಂದು ಓದುಗರು ಕೇಳಬಾರದು. ಅದರ ಮೊದಲ ಮುದ್ರಣದ ಪ್ರತಿಗಳು ಇನ್ನೂ ಅಟ್ಟದ ಮೇಲಿವೆ, ಈ ಸಾಲುಗಳ ಲೇಖಕನ ಸಿಟ್ಟೂ ಇನ್ನೂ ಇಳಿದಿಲ್ಲ ಎಂದಷ್ಟೇ ಹೇಳಬಹುದು.

ರಾಜ್ಯೋತ್ಸವದ ಹಿಂದಿನ ವಾರ ಫೈಲ್ ಬಂತು. ಮೊದಲ ಪುಟದಲ್ಲೇ ‘ಕನಾರ್ಟಕ’. ಕೆಳಗೆ ಧರ್ಮವಿದ್ದಲ್ಲಿ ‘ಧಮರ್’, ಸೂರ್ಯನಿದ್ದಲ್ಲಿ ‘ಸೂಯರ್’, ವರ್ಷ ಹೋಗಿ ‘ವಷರ್’. ಹಳೆಯ ಫಾಂಟಿನಲ್ಲಿ ಅರ್ಕಾವತ್ತು ಕಣ್ಣಿಗೆ ಕಾಣುವ ಜಾಗದಲ್ಲಿ, ಅಂದರೆ ಅಕ್ಷರದ ಬಲಕ್ಕೆ ಇರುತ್ತದೆ. ಯೂನಿಕೋಡ್‌ನಲ್ಲಿ ಬಾಯಿ ನುಡಿಯುವ ಕ್ರಮ, ರಕಾರವೇ ಮೊದಲು. ಆತನ ಸ್ಕ್ರಿಪ್ಟ್ ಅದನ್ನು ಇದ್ದಲ್ಲೇ ‘ರ್’ ಮಾಡಿ ಮುಂದೆ ಹೋಗಿತ್ತು.

ಫೋನ್ ಮಾಡಿದರೆ, ‘ಮೈನರ್ ಇಶ್ಯೂ ಸರ್, ಫೈಂಡ್ ಅಂಡ್ ರಿಪ್ಲೇಸ್ ಹೊಡೀತೀನಿ.’

ಹೊಡೆದ. ‘ಯರ್’ ಇದ್ದಲ್ಲೆಲ್ಲ ‘ರ್ಯ’, ‘ವರ್’ ಇದ್ದಲ್ಲೆಲ್ಲ ‘ರ್ವ’, ‘ಜರ್’ ಇದ್ದಲ್ಲೆಲ್ಲ ‘ರ್ಜ’. ಸೂರ್ಯನೇನೋ ಮರಳಿ ಹುಟ್ಟಿದ. ಆದರೆ ಕಥಾನಾಯಕ ಲೋಕೋಪಯೋಗಿ ಇಲಾಖೆಯ ಇಂಜಿನಿಯರ್. ಆತ ‘ಇಂಜಿನಿರ್ಯ’ನಾದ. ಊರಿನ ಮೇಯರ್ ‘ಮೇರ್ಯ’ರಾದರು, ಮ್ಯಾನೇಜರ್ ‘ಮ್ಯಾನೇರ್ಜ’. ಕಥೆ ತಿರುವು ಪಡೆಯುವುದೇ ನಾಯಕನ ಮೇಜಿನ ಮೇಲೆ ಯಾರೋ ಒಂದು ಕವರ್ ಇಟ್ಟುಹೋಗುವ ರಾತ್ರಿ. ಹೊಸ ಆವೃತ್ತಿಯಲ್ಲಿ ಆತ ನಡುಗುವ ಕೈಯಿಂದ ಬಿಚ್ಚಿದ್ದು ‘ಕರ್ವ’ವನ್ನು. ಇದರ ಮೇಲೆ ಕನ್ಸಲ್ಟೆಂಟ್‌ನಿಂದ ಇನ್ನೊಂದು ಮೆಸೇಜ್: ‘ಸರ್, ಈ ಪುಸ್ತಕದಲ್ಲಿ ನಿಟ್ಟುಸಿರು ಅನ್ನೋ ವರ್ಡ್ ತುಂಬಾ ಸಲ ರಿಪೀಟ್ ಆಗಿದೆ. ಡ್ಯೂಪ್ಲಿಕೇಟ್ ಇರಬಹುದು, ತೆಗೆಯಲಾ?’

ವಿಮರ್ಶಕರು ಕೂಡ ಇಷ್ಟು ನೇರವಾಗಿ ಹೇಳಿರಲಿಲ್ಲ.

ಕೊನೆಗೆ ಗಂಟು ಬಿಡಿಸಿದವರು ಕರಡು ತಿದ್ದುವ ಮೇಷ್ಟ್ರು. ನಿವೃತ್ತ ಕನ್ನಡ ಪಂಡಿತರು, ಕಂಪ್ಯೂಟರ್ ಮುಟ್ಟಿದವರಲ್ಲ. ಒಂದು ಭಾನುವಾರ ಕನ್ಸಲ್ಟೆಂಟ್‌ನನ್ನು ಪಕ್ಕದಲ್ಲಿ ಕೂರಿಸಿಕೊಂಡು, ಕರಡಿನ ಹಿಂಬದಿಯಲ್ಲಿ ಪೆನ್ಸಿಲಿನಿಂದ ಬರೆದು ತೋರಿಸಿದರು. ಇಂಜಿನಿಯರ್‌ನ ಕೊನೆಯ ರ್ ಬೇರೆ, ಸೂರ್ಯನ ಅರ್ಕಾವತ್ತು ಬೇರೆ. ಹಳೆಯ ಫೈಲಿನಲ್ಲಿ ಇವೆರಡಕ್ಕೂ ಬೇರೆ ಬೇರೆ ಚಿಹ್ನೆ ಇದ್ದೇ ಇದೆಯಲ್ಲ, ಕೆಡಿಸಿದ್ದನ್ನು ತಿದ್ದುವ ಬದಲು ಅಲ್ಲಿಂದಲೇ ಶುರು ಮಾಡಬಾರದೇ? ಹತ್ತನೇ ಕ್ಲಾಸಿಗೆ ಕನ್ನಡಕ್ಕೆ ಕೈಮುಗಿದಿದ್ದ ಹುಡುಗ ಸುಮ್ಮನೆ ಕೇಳಿಸಿಕೊಂಡ. ‘ಇದನ್ನ ಮೊದಲೇ ಹೇಳಬಾರದಾಗಿತ್ತಾ ಸರ್?’

‘ನೀನು ಕೇಳಿದ್ಯೇನಪ್ಪಾ?’

ಅಂದು ಆತ ಗಡಿಯಾರ ನೋಡದೆ ಕೂತಿದ್ದ. ಸಂಜೆಯ ಹೊತ್ತಿಗೆ ಕರ್ನಾಟಕ ಕರ್ನಾಟಕವಾಯಿತು. ಮೇಷ್ಟ್ರಿಗೆ ಆತ ಇಟ್ಟ ಬಿರುದು ‘ಡೊಮೇನ್ ಎಕ್ಸ್‌ಪರ್ಟ್’. ಅವರು ಅದನ್ನು ಬೈಗುಳವೆಂದೇ ತಿಳಿದು ಸ್ವಲ್ಪ ದಿನ ಮುನಿಸಿಕೊಂಡಿದ್ದರು.

ಆತನ ಮಾತು ಸರಿಯಿದ್ದ ಕಡೆ ಕೇಳಿದವರಿಲ್ಲ ಎಂಬುದನ್ನೂ ಹೇಳಬೇಕು. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯುತ್ತದೆಂದು ಬಹಳ ಮೊದಲೇ ಹೇಳಿದ್ದ. ಪ್ರಕಾಶಕರ ಉತ್ತರ: ‘ಓಡ್ತಾ ಇದೆಯಲ್ಲಪ್ಪ.’ ಬ್ಯಾಕಪ್ ಎಲ್ಲಿದೆ ಎಂದು ಕೇಳಿದಾಗ ಅವರು ಕಬ್ಬಿಣದ ಬೀರು ತೆರೆದು ಪ್ರತಿ ಪುಸ್ತಕದ ಒಂದೊಂದು ಪ್ರತಿ ತೋರಿಸಿದ್ದರು. ಆತ ನಕ್ಕಿದ್ದ. ಮುಂದೆ ಪುಸ್ತಕಗಳ ಫೈಲುಗಳಿದ್ದ ಹಳೆಯ ಸಿಡಿಗಳಲ್ಲಿ ಕೆಲವು ಓದಲು ಬರದೇ ಹೋದಾಗ, ಕಳೆದ ಅಧ್ಯಾಯಗಳನ್ನು ಆ ಬೀರುವಿನ ಪ್ರತಿಗಳನ್ನು ನೋಡಿಯೇ ಮತ್ತೆ ಟೈಪ್ ಮಾಡಿಸಿದರು. ಆಗ ಆತ ಹೊಸ ಹಾರ್ಡ್‌ಡಿಸ್ಕ್ ಒಂದನ್ನು ತನ್ನ ದುಡ್ಡಿನಲ್ಲೇ ತಂದು ಬೀರುವಿನೊಳಗೇ ಇಟ್ಟ. ಬಿಲ್ಲಿನಲ್ಲಿ ಅದರ ಸುದ್ದಿಯಿಲ್ಲ. ಅರ್ಕಾವತ್ತಿನ ರಿಪೇರಿ ಮಾತ್ರ ‘ಚೇಂಜ್ ರಿಕ್ವೆಸ್ಟ್’ ಎಂಬ ಹೆಸರಿನಲ್ಲಿ ಪ್ರತ್ಯೇಕವಾಗಿ ಬಂದಿತ್ತು. ಪ್ರಕಾಶಕರು ಗೊಣಗಿಕೊಂಡೇ ಕೊಟ್ಟರು.

ಇ-ಪುಸ್ತಕಗಳಲ್ಲೋ ಹಳೆಯ ವೆಬ್ ಪುಟಗಳಲ್ಲೋ ‘ಕನಾರ್ಟಕ’ ಎದುರಾದರೆ, ಬರೆದವರಿಗೆ ಕನ್ನಡ ಬಾರದೆಂದು ಓದುಗರು ದಯವಿಟ್ಟು ತೀರ್ಮಾನಿಸಬಾರದು. ಪುಟದ ಗುರುತು ಸಮೇತ ಪ್ರಕಾಶಕರಿಗೆ ತಿಳಿಸಿ.