ಗ್ರಂಥಾಲಯ ಸಪ್ತಾಹದ ಪಂಚಾಂಗ ವಿವೇಚನೆ

ವಿಶ್ವವಿದ್ಯಾಲಯದ ಗ್ರಂಥಾಲಯ ಜೀವಂತವಾಗಿದೆ ಎಂಬುದಕ್ಕೆ ಪ್ರಮಾಣವೇನು? ಪೂರ್ವಸೂರಿಗಳು ಎಷ್ಟು ಪುಸ್ತಕ ಎರವಲು ಹೋಯಿತು ಎಂದು ಲೆಕ್ಕ ನೋಡುತ್ತಿದ್ದರು. ಆ ಸ್ಥೂಲ ಪದ್ಧತಿ ಈಗ ಬಿದ್ದುಹೋಗಿದೆ. ನವ್ಯ ಸಿದ್ಧಾಂತದಲ್ಲಿ ಗ್ರಂಥಾಲಯಕ್ಕೆ ಕಾರ್ಯಕ್ರಮವೇ ಪ್ರಮಾಣ, ಕಾರ್ಯಕ್ರಮಕ್ಕೆ ಫೋಟೊ ಪ್ರಮಾಣ, ಫೋಟೊಗೆ ಅದರ ಮೂಲೆಯಲ್ಲಿ ಮೂಡಿದ ಅಕ್ಷಾಂಶ ರೇಖಾಂಶಗಳು ಪ್ರಮಾಣ. ಏಪ್ರಿಲ್ 23ರ ವಿಶ್ವ ಪುಸ್ತಕ ದಿನ, ಆಗಸ್ಟ್ 12ರ ಗ್ರಂಥಪಾಲಕರ ದಿನ, ನವೆಂಬರ್ 14ರಿಂದ 20ರವರೆಗಿನ ರಾಷ್ಟ್ರೀಯ ಗ್ರಂಥಾಲಯ ಸಪ್ತಾಹ ಎಂಬ ಮೂರು ಪರ್ವಕಾಲಗಳನ್ನು ಈ ಪ್ರಮಾಣತ್ರಯದ ಬೆಳಕಿನಲ್ಲಿ ಪರಿಶೀಲಿಸುವುದು ಪ್ರಸ್ತುತ ಪ್ರಬಂಧದ ಉದ್ದೇಶ.

ಎಸ್.ಆರ್. ರಂಗನಾಥನ್ ಅವರ ಕೋಲನ್ ವರ್ಗೀಕರಣದಲ್ಲಿ ಯಾವ ವಿಷಯವನ್ನಾದರೂ ವ್ಯಕ್ತಿತ್ವ, ದ್ರವ್ಯ, ಶಕ್ತಿ, ಸ್ಥಳ, ಕಾಲ ಎಂಬ ಐದು ಮುಖಗಳಲ್ಲಿ ಬಿಡಿಸಬಹುದು. ಸಪ್ತಾಹಕ್ಕೂ ಇದು ಚೆನ್ನಾಗಿ ಒಪ್ಪುತ್ತದೆ. ವ್ಯಕ್ತಿತ್ವವೆಂದರೆ ವೇದಿಕೆಯ ಮೇಲಿನ ಗಣ್ಯರು. ಆಮಂತ್ರಣ ಪತ್ರಿಕೆಯಲ್ಲಿ ಅವರ ಹೆಸರಿನ ಅಕ್ಷರದ ಗಾತ್ರವೇ ಪದಾನುಕ್ರಮಣಿಕೆ. ದ್ರವ್ಯವು ಶಾಲು, ಹಾರ, ಮೈಸೂರು ಪೇಟ, ಹಣ್ಣಿನ ಬುಟ್ಟಿ, ನೆನಪಿನ ಕಾಣಿಕೆ ಎಂದು ಪಂಚವಿಧ. ಹಾರದ ಬದಲು ಪುಸ್ತಕ ಕೊಡುವ ಉಪಶಾಖೆಯೂ ಉಂಟು. ಆ ಪುಸ್ತಕ ಅತಿಥಿಗಳ ಕಾರಿನ ಹಿಂದಿನ ಸೀಟು ಸೇರಿದ ಮೇಲೆ ಅದರ ಗತಿ ಯಾವ ಸೂಚಿಯಲ್ಲೂ ಸಿಗುವುದಿಲ್ಲ. ಶಕ್ತಿಯ ವಿಚಾರದಲ್ಲಿ ದೀಪ ಬೆಳಗುವ ಪಂಥ, ಸಸಿಗೆ ನೀರೆರೆಯುವ ಪಂಥ ಎಂದು ಭೇದವಿದೆ. ದೀಪಕ್ಕಾಗಿ ಫ್ಯಾನ್ ಆರಿಸಬೇಕಾಗುವುದರಿಂದ ಮೊದಲನೆಯದು ಕ್ಷೀಣಿಸುತ್ತಿದೆ. ಕಾಲವನ್ನು ಬಿಟ್ಟುಬಿಡೋಣ, ಹತ್ತೂವರೆ ಎಂದರೆ ಹನ್ನೆರಡು ಎಂಬುದು ಸರ್ವವಿದಿತ.

ಉಳಿದದ್ದು ಸ್ಥಳ. ವರ್ಗೀಕರಣವನ್ನು ಇಲ್ಲಿಗೇ ನಿಲ್ಲಿಸಬೇಕಾಗಿದೆ, ಏಕೆಂದರೆ ಆ ಸ್ಥಳ ವಾಚನಾಲಯ. ಸಮಾರಂಭದ ಬೆಳಿಗ್ಗೆ ಓದುವ ಮೇಜುಗಳನ್ನು ಎಳೆದು ಕಾರಿಡಾರಿಗೆ ಹಾಕುತ್ತಾರೆ, ಒಳಗೆ ಬಾಡಿಗೆಯ ಪ್ಲಾಸ್ಟಿಕ್ ಕುರ್ಚಿ ತುಂಬುತ್ತಾರೆ. ನೆಟ್, ಕೆಎಎಸ್ ಎಂದು ಓದುತ್ತ ಕುಳಿತಿದ್ದವರು ಚೀಲ ಎತ್ತಿಕೊಂಡು ಹೊರಗೆ ಹೋಗುತ್ತಾರೆ, ಇಲ್ಲವೇ ಸಭೆ ತುಂಬಲು ಅದೇ ಕುರ್ಚಿಗಳಲ್ಲಿ ಕೂರಬೇಕಾಗುತ್ತದೆ. ಪಕ್ಕದಲ್ಲಿ ಪುಸ್ತಕ ಪ್ರದರ್ಶನ: ಬಿಳಿ ಬಟ್ಟೆ ಹಾಸಿದ ಮೇಜಿನ ಮೇಲೆ ಕೋಶಗಳು, ಅವುಗಳ ಮುಂದೆ ‘ದಯವಿಟ್ಟು ಮುಟ್ಟಬೇಡಿ’ ಎಂಬ ಚೀಟಿ. ಪುಸ್ತಕಗಳಿರುವುದು ಬಳಕೆಗೆ ಎಂಬುದು ಇದೇ ರಂಗನಾಥನ್ 1931ರಲ್ಲಿ ಬರೆದ ಐದು ಸೂತ್ರಗಳಲ್ಲಿ ಮೊದಲನೆಯದು. ಅವರ ಫೋಟೊಗೆ ಹಾರ ಹಾಕಿ, ಅದರ ಎದುರೇ ಈ ಚೀಟಿ ಇಡಲು ಕೈ ಹೇಗೆ ಬರುತ್ತದೆ?

ನ್ಯಾಕ್ ಮೌಲ್ಯಮಾಪನಕ್ಕೆ ಇದೆಲ್ಲ ಬೇಕೇ ಬೇಕು ಎಂಬುದು ಪೂರ್ವಪಕ್ಷ. ಆದರೆ ನ್ಯಾಕ್‌ನ ನಾಲ್ಕನೆಯ ಮಾನದಂಡದಲ್ಲಿ ಗ್ರಂಥಾಲಯದ ಬಗ್ಗೆ ಕೇಳುತ್ತ ಬಂದಿರುವುದು ಗಣಕೀಕರಣ, ಇ-ಸಂಪನ್ಮೂಲ, ಪುಸ್ತಕ ಮತ್ತು ನಿಯತಕಾಲಿಕಗಳಿಗೆ ವರ್ಷಕ್ಕಾದ ಖರ್ಚು, ದಿನಕ್ಕೆ ಬಂದು ಬಳಸಿದವರ ಸಂಖ್ಯೆ. ಶಾಲಿಗೆ ಅಲ್ಲಿ ಕಾಲಂ ಇಲ್ಲ. ಕಾರ್ಯಕ್ರಮವಿಲ್ಲದೆ ಹೊರಗಿನ ಜನ ಬರುವುದೇ ಇಲ್ಲ ಎಂಬ ಇನ್ನೊಂದು ಆಕ್ಷೇಪವಿದೆ, ಅದರಲ್ಲಿ ತಥ್ಯವೂ ಇದೆ. ಒಳ್ಳೆಯ ಉಪನ್ಯಾಸ ಕೇಳಿದವರು ಮರುದಿನ ಪುಸ್ತಕ ಹುಡುಕಿಕೊಂಡು ಬರುವುದುಂಟು. ಮರುದಿನ ಬಂದವರಿಗೆ ಸದಸ್ಯತ್ವ ಇಲ್ಲ ಎಂದು ಹೇಳಿ ಬಾಗಿಲಲ್ಲೇ ತಡೆದರೆ ಆ ಉಪನ್ಯಾಸದಿಂದ ಬಂದ ಭಾಗ್ಯವೇನು? ಐದು ಸೂತ್ರಗಳು ಅಚ್ಚಾದ 1931ರಲ್ಲೇ ತಮಿಳುನಾಡಿನ ಮನ್ನಾರ್‌ಗುಡಿಯಲ್ಲಿ ಎತ್ತಿನ ಗಾಡಿಗೆ ಪುಸ್ತಕ ಹೇರಿ ಹಳ್ಳಿಗಳಿಗೆ ಒಯ್ದರು. ಜನರ ಬಳಿಗೆ ಹೋಗುವುದೆಂದರೆ ಅದು. ಈಗ ಬರಹೇಳುವುದು ಜನರನ್ನು, ಬರುವುದು ಗಣ್ಯರು, ಹೋಗುವುದು ವರದಿ.

ಸಿಬ್ಬಂದಿಯನ್ನು ದೂರಿ ಫಲವಿಲ್ಲ. ನಿವೃತ್ತರಾದವರ ಜಾಗ ಖಾಲಿ ಬಿಟ್ಟು, ಹೊರಗುತ್ತಿಗೆಯ ಕೆಲವರ ಕೈಗೆ ಇಡೀ ಕಟ್ಟಡ ಒಪ್ಪಿಸಿ, ಅವರಿಂದಲೇ ಸ್ವಾಗತ, ನಿರೂಪಣೆ, ವಂದನಾರ್ಪಣೆ ಮಾಡಿಸಿದರೆ ಕಪಾಟಿನಲ್ಲಿ ತಪ್ಪು ಜಾಗ ಸೇರಿದ ಪುಸ್ತಕವನ್ನು ಹುಡುಕಿಡುವವರು ಯಾರು? ಮಾನ್ಯ ಕುಲಪತಿಗಳಲ್ಲಿ ವಿನಂತಿ ಇಷ್ಟೇ: ಬರುವ ನವೆಂಬರಿನಲ್ಲಿ ಫ್ಲೆಕ್ಸ್ ಬೇಡ, ವೇದಿಕೆ ಬೇಡ. ಆ ಏಳು ದಿನ ವಾಚನಾಲಯವನ್ನು ರಾತ್ರಿ ಹತ್ತರವರೆಗೆ ತೆರೆದಿಡಿಸಿ, ಊರಿನವರಿಗೂ ಒಳಗೆ ಕುಳಿತು ಓದಲು ಬಿಡಿ, ಮೇಜುಗಳು ಇದ್ದಲ್ಲೇ ಇರಲಿ.